ಹೊರಗೋಡೆಯ ಧರ್ಮ

ಒಳಗು ಮುಖ್ಯವೋ ಹೊರಗು ಮುಖ್ಯವೋ ಎಂದು ಕೇಳಿದರೆ ನಮ್ಮಲ್ಲಿ ಉತ್ತರಕ್ಕಾಗಿ ಯಾರೂ ತಡವರಿಸುವುದಿಲ್ಲ. ಒಳಗೇ ಮುಖ್ಯವೆಂದೂ ಹೊರಗೆಂಬುದು ಬರಿಯ ಸಿಪ್ಪೆಯೆಂದೂ ಬಾಲ್ಯದಿಂದ ಕೇಳಿ ಕೇಳಿ ನಮಗದು ಬಾಯಿಪಾಠವಾಗಿರುವುದು. ಆದರೆ ಬಾಯಿಪಾಠವಾದ ಮಾತೆಲ್ಲ ವಿಚಾರಮಾಡಿ ನಿಶ್ಚಯಿಸಿದ ಮಾತೆಂದು ಹೇಳುವಂತಿಲ್ಲ. ಅದೇ ಗೃಹಸ್ಥನು ಮನೆ ಕಟ್ಟಿಸಲು ಹೊರಟಾಗ ಬೀದಿಗೆ ಕಾಣುವ ಗೋಡೆಗೆ ಎಷ್ಟು ಹಣ ತೆಗೆದಿಟ್ಟನು, ಕಾಣದ ಗೋಡೆಗೆ ಎಷ್ಟು ಉಳಿಸಿದನು ಎಂಬ ಲೆಕ್ಕವನ್ನು ನೋಡಿದರೆ, ಬಾಯಿ ಆಡುವುದೊಂದು ಕೈ ಮಾಡುವುದೊಂದು ಎಂಬುದು ತಿಳಿದುಬರುತ್ತದೆ. ಆದಕಾರಣ ಆತ್ಮ ದೇಹಗಳ ಎತ್ತರದ ವಿಚಾರಕ್ಕೆ ಮೊದಲೇ ಏರದೆ, ಎಲ್ಲರ ಕಣ್ಣಿಗೂ ಬೀಳುವ ಒಂದು ಸಾಮಾನ್ಯ ವಸ್ತುವನ್ನು ಹಿಡಿದುಕೊಂಡು ಈ ಪ್ರಶ್ನೆಯನ್ನು ನೋಡೋಣ. ಮನೆಯ ಹೊರಗೋಡೆಗೆ ನಾವು ಹೊದಿಸುವ ಹೊದಿಕೆಯೇ ಆ ವಸ್ತು. ಅದು ಸುಣ್ಣವಾಗಿರಬಹುದು, ಗಾರೆಯಾಗಿರಬಹುದು, ಸಿಮೆಂಟು, ಮರದ ಹಲಗೆ, ಲೋಹದ ತಗಡು, ಗಾಜು ಯಾವುದೇ ಆಗಿರಬಹುದು. ಆ ಹೊದಿಕೆಯು ಒಳಗೆ ಬಾಳುವವರನ್ನು ಹೇಗೆ ತಾಕುತ್ತದೆ? ಅದು ಇರುವುದು ಯಾರಿಗಾಗಿ?

ಮೊದಲು ಶಬ್ದಗಳನ್ನೇ ನೋಡೋಣ. ಸಂಸ್ಕೃತದಲ್ಲಿ ಗೋಡೆಗೆ ಭಿತ್ತಿಯೆಂದು ಹೆಸರು. ಸೀಳು, ಬೇರ್ಪಡಿಸು ಎಂಬ ಅರ್ಥದ ಭಿದ್ ಧಾತುವಿನಿಂದ ಹುಟ್ಟಿದ ಶಬ್ದವಿದು. ಒಳಗು ಹೊರಗು ಎಂಬ ಭೇದವು ಮೊದಲೇ ಇದ್ದು ಅದರ ನಡುವೆ ಗೋಡೆ ಎದ್ದಿತೆಂದು ನಾವು ತಿಳಿಯುವೆವು. ಶಬ್ದವು ಹೇಳುವುದು ಬೇರೆ: ಗೋಡೆ ಎದ್ದ ಮೇಲೆಯೇ ಒಳಗೆಂಬುದು ಉಂಟಾಯಿತು. ಇನ್ನೊಂದು ಶಬ್ದ ಸೌಧ. ಸುಧೆಯಿಂದ ಸಾರಿಸಲ್ಪಟ್ಟದ್ದು ಸೌಧ. ಸುಧೆಯೆಂದರೆ ಅಮೃತವೆಂಬುದು ಎಲ್ಲರಿಗೂ ತಿಳಿದದ್ದೇ; ಅದೇ ಶಬ್ದಕ್ಕೆ ಸುಣ್ಣವೆಂಬ ಅರ್ಥವೂ ಉಂಟು. ೧೯೫೬ನೆಯ ಇಸವಿಯಲ್ಲಿ ಕಟ್ಟಿ ಮುಗಿದ ಬೆಂಗಳೂರಿನ ವಿಧಾನಸೌಧವು ಮೈಯೆಲ್ಲ ಕಣಶಿಲೆಯದಾಗಿದ್ದರೂ ಅದರ ಹೆಸರಿನಲ್ಲಿ ಹಳೆಯ ಸುಣ್ಣದ ಲೇಪ ಇಂದಿಗೂ ಉಳಿದಿದೆ. ಮೇಲಣ ತೆಳ್ಳನೆಯ ಲೇಪದಿಂದ ಇಡೀ ಕಟ್ಟಡಕ್ಕೆ ಹೆಸರು ಬಂದುದನ್ನು ನೋಡಿದರೆ, ಹೊರಗನ್ನು ಸಿಪ್ಪೆಯೆಂದು ತಳ್ಳಿಹಾಕುವುದು ನಮ್ಮ ಹಿರಿಯರ ಭಾಷೆಗೆ ಸಮ್ಮತವಾಗಿರಲಿಲ್ಲವೆಂದು ಊಹಿಸಬಹುದು.

ಹೊರಹೊದಿಕೆಯ ಕೆಲಸವೇನು? ಮಳೆಯನ್ನು ತಡೆಯುವುದು, ಬಿಸಿಲನ್ನು ತಡೆಯುವುದು ಎಂದು ಕೂಡಲೇ ಹೇಳಿಬಿಡುವೆವು. ಇವೆರಡೂ ನಿಜ. ಮೂರನೆಯದೊಂದುಂಟು, ಅದನ್ನು ನಾವು ಸಾಮಾನ್ಯವಾಗಿ ಮರೆಯುವೆವು. ಮನೆಯು ಉಸಿರಾಡುತ್ತದೆ. ಒಲೆಯ ಮೇಲೆ ಅನ್ನ ಬೇಯುವಾಗ, ಬಚ್ಚಲಿನಲ್ಲಿ ನೀರು ಕಾಯುವಾಗ, ಒದ್ದೆಬಟ್ಟೆ ಆರುವಾಗ, ಮಲಗಿದವರು ಉಸಿರು ಬಿಡುವಾಗ ದಿನವೂ ಹಲವು ಸೇರು ನೀರು ಆವಿಯಾಗಿ ಮನೆಯೊಳಗೆ ತುಂಬುತ್ತದೆ. ಆ ಆವಿಯು ಕಿಟಕಿ ಬಾಗಿಲುಗಳಿಂದಲೂ ಮಾಡಿನ ಸಂದಿಯಿಂದಲೂ, ಸ್ವಲ್ಪಮಟ್ಟಿಗೆ ಗೋಡೆಯ ಮೂಲಕವಾಗಿಯೂ ಹೊರಗೆ ಹೋಗಬೇಕು. ಹೋಗದಿದ್ದರೆ ತಣ್ಣಗಿರುವ ಎಡೆಯನ್ನು ಹುಡುಕಿಕೊಂಡು ಅಲ್ಲಿ ನೀರಾಗಿ ಕೂರುತ್ತದೆ. ಹಾಗೆ ಕುಳಿತಲ್ಲಿ ಬೂಷ್ಟು ಹಿಡಿಯುವುದು, ಮರ ಕೊಳೆಯುವುದು, ಒಳಗಿನವರಿಗೆ ನೆಗಡಿ ಉಬ್ಬಸಗಳು ಹತ್ತಿಕೊಳ್ಳುವುವು. ಆದುದರಿಂದ ಒಳ್ಳೆಯ ಹೊದಿಕೆಗೆ ಎರಡು ಗುಣಗಳಿರಬೇಕು. ಹೊರಗಿನ ನೀರನ್ನು ಒಳಗೆ ಬಿಡಬಾರದು. ಒಳಗಿನ ಆವಿಯನ್ನು ಸೆರೆಹಿಡಿಯಬಾರದು. ತಡೆಯುವುದಷ್ಟೇ ಕಾವಲಲ್ಲ, ಬಿಡುವುದೂ ಕಾವಲೇ.

ಇದನ್ನು ನಮ್ಮ ನಾಡಿನ ಜನರು ಶಾಸ್ತ್ರ ಓದದೆಯೇ ಬಲ್ಲವರಾಗಿದ್ದರು. ಆಗುಂಬೆಯಂತಹ ಊರಿನಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುತ್ತದೆ. ಅದರ ಬಹುಭಾಗವು ಪಡುವಣ ಗಾಳಿಯೊಡನೆ ಓರೆಯಾಗಿ ಬಂದು ಗೋಡೆಗೆ ಬಡಿಯುತ್ತದೆ. ಮಲೆನಾಡಿನವರು ಮಾಡಿನ ಸೂರನ್ನು ಗೋಡೆಯಿಂದ ಬಹುದೂರ ಚಾಚಿದರು. ಅದು ಸಾಲದಲ್ಲಿ ಮಳೆಗಾಲಕ್ಕೆ ಮುಂಚೆ ಅಡಕೆಯ ಸೋಗೆಯನ್ನೋ ತೆಂಗಿನ ಗರಿಯನ್ನೋ ಹೆಣೆದು ತಟ್ಟಿ ಕಟ್ಟಿ, ಗೋಡೆಗೆ ಅಂಟಿಸದೆ ತುಸು ದೂರದಲ್ಲಿ ನಿಲ್ಲಿಸಿದರು. ಮಳೆಯ ಪೆಟ್ಟು ತಟ್ಟಿಗೆ ಬೀಳುವುದು. ತಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡುವುದು. ಮಳೆ ನಿಂತ ಮೇಲೆ ತಟ್ಟಿಯನ್ನು ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕುವರು. ನೋಡುವವರ ಕಣ್ಣಿಗೆ ಅದರಲ್ಲಿ ಸೊಬಗೇನೂ ಇಲ್ಲ. ಆದರೆ ನಾಲ್ಕು ತಿಂಗಳ ಮಳೆಯಲ್ಲಿ ಒಳಗೆ ಬಾಣಂತಿಯನ್ನೂ ಭತ್ತದ ಪಣತವನ್ನೂ ಬೆಚ್ಚಗಿರಿಸಿದುದು ಆ ಕುರೂಪವಾದ ಸೋಗೆಯೇ.

ಬಯಲುಸೀಮೆಯಲ್ಲಿ ಶತ್ರುವು ಮಳೆಯಲ್ಲ, ಬಿಸಿಲು. ವಿಜಯಪುರ ಕಲಬುರಗಿಗಳ ಕಡೆ ಕಲ್ಲು ಮಣ್ಣುಗಳಿಂದ ಮೊಳಗಟ್ಟಲೆ ದಪ್ಪದ ಗೋಡೆಯನ್ನೆಬ್ಬಿಸುವ ಪದ್ಧತಿಯಿತ್ತು. ಮಧ್ಯಾಹ್ನದ ಕಾವು ಅಂತಹ ಗೋಡೆಯನ್ನು ನಿಧಾನವಾಗಿ ದಾಟಿ ಒಳಮೈಯನ್ನು ಮುಟ್ಟುವ ಹೊತ್ತಿಗೆ ರಾತ್ರಿಯ ತಂಪು ಬಂದಿರುತ್ತದೆ. ಅದರ ಮೇಲೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಹೆಚ್ಚಿನ ಪಾಲು ಗೋಡೆಯೊಳಕ್ಕೆ ಇಳಿಯದೆ ಹಿಂದಿರುಗುತ್ತದೆ. ಸುಣ್ಣದ ಸ್ವಭಾವವೂ ವಿಚಾರಮಾಡತಕ್ಕದ್ದು. ಸುಣ್ಣದ ಕಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲದ ವಾಯು ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರಸಿ ಅರೆದು ಗೋಡೆಗೆ ಬಳಿದರೆ, ಅದು ಗಾಳಿಯಿಂದ ಅದೇ ವಾಯುವನ್ನು ಮರಳಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹಾಗೆ ಕಲ್ಲಾದರೂ ಅದರಲ್ಲಿ ಸೂಕ್ಷ್ಮವಾದ ರಂಧ್ರಗಳು ಉಳಿದು, ಗೋಡೆಗೆ ಹತ್ತಿದ ತೇವವು ಆರಿಹೋಗಲು ದಾರಿಯಿರುತ್ತದೆ.

ಈಗ ಇದಕ್ಕೆ ವಿರೋಧವಾದ ಉದಾಹರಣೆಯನ್ನು ನೋಡೋಣ. ಹಳೆಯ ಮಣ್ಣಿನ ಗೋಡೆಗೆ ಗಟ್ಟಿಯಾಗಲೆಂದು ಸಿಮೆಂಟಿನ ಗಿಲಾವು ಮಾಡಿ ಮೇಲೆ ಎಣ್ಣೆಬಣ್ಣ ಬಳಿಯುವುದನ್ನು ನಮ್ಮ ಊರುಗಳಲ್ಲಿ ಎಲ್ಲರೂ ಕಂಡಿರುವರು. ಮೊದಲನೆಯ ವರ್ಷ ಮನೆ ಹೊಸದರಂತೆ ಕಾಣುವುದು. ಆದರೆ ಮಣ್ಣು ತೇವಕ್ಕೆ ಹಿಗ್ಗುವುದು, ಒಣಗಿದರೆ ಕುಗ್ಗುವುದು; ಸಿಮೆಂಟು ಹಾಗೆ ಬಾಗುವ ವಸ್ತುವಲ್ಲ. ಎರಡಕ್ಕೂ ಹೊಂದಿಕೆಯಾಗದೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಇಳಿದ ನೀರಿಗೂ ನೆಲದಿಂದ ಮೇಲಕ್ಕೆ ಏರಿದ ತೇವಕ್ಕೂ ಹೊರಹೋಗಲು ದಾರಿಯಿರುವುದಿಲ್ಲ. ಹೊರಗೆ ನೋಡಿದರೆ ಗೋಡೆ ಭದ್ರ; ಒಳಗೆ ಮಣ್ಣು ಕರಗುತ್ತಿರುವುದು, ಒಳಮೈಯಲ್ಲಿ ಉಪ್ಪು ಹೊರಚಿಮ್ಮಿ ಸುಣ್ಣ ಉದುರುತ್ತಿರುವುದು. ಇದರಲ್ಲಿ ಸಿಮೆಂಟಿನ ದೋಷವೇನೂ ಇಲ್ಲ. ಇಟ್ಟಿಗೆಯ ಗೋಡೆಗೆ ಅದು ಸರಿಯಾದ ಕವಚವೇ ಹೌದು. ಒಳಗಿನ ವಸ್ತುವಿನ ಸ್ವಭಾವವನ್ನು ಕೇಳದೆ ಹೊರಗಿನ ವಸ್ತುವನ್ನು ಆರಿಸಿದುದೇ ದೋಷ.

ಇಂತಹ ತೊಡಕು ನಮ್ಮಲ್ಲಿ ಮಾತ್ರ ಉಂಟೆಂದು ತಿಳಿಯಬಾರದು. ಕೆನಡಾ ದೇಶದ ಪಡುವಣ ಕರಾವಳಿಯ ವ್ಯಾಂಕೂವರ್ ಪ್ರದೇಶವು ಬಹಳ ಮಳೆಯ ಸೀಮೆ. ೧೯೮೦ರ ದಶಕದಿಂದ ೧೯೯೦ರ ದಶಕದ ಕೊನೆಯವರೆಗೆ ಅಲ್ಲಿ ಮರದ ಚೌಕಟ್ಟಿನ ಬಹುವಾಸದ ಮನೆಗಳನ್ನು ಅಸಂಖ್ಯಾತವಾಗಿ ಕಟ್ಟಿದರು. ಬಿಸಿಲುನಾಡುಗಳ ಮನೆಗಳಂತೆ ಕಾಣಬೇಕೆಂದು ಸೂರನ್ನು ಮೊಟಕುಗೊಳಿಸಿ ಹೊರಗೆ ನುಣುಪಾದ ಗಿಲಾವನ್ನು ಹೊದಿಸಿದರು. ಶಾಖ ಉಳಿಯಲೆಂದು ಒಳಮೈಗೆ ಪ್ಲಾಸ್ಟಿಕ್ ಹಾಳೆಯನ್ನು ಜಡಿದರು. ಕಿಟಕಿಯ ಮೂಲೆಗಳಲ್ಲಿ ಒಳಹೊಕ್ಕ ಮಳೆನೀರು ಹೊರಗೂ ಹೋಗಲಾರದೆ ಒಳಗೂ ಆರಲಾರದೆ ಗೋಡೆಯ ಹೊಟ್ಟೆಯಲ್ಲಿಯೇ ನಿಂತು ಮರವನ್ನು ಕೊಳೆಯಿಸಿತು. ಜೀವಮಾನದ ಉಳಿತಾಯವನ್ನು ಸುರಿದು ಮನೆ ಕೊಂಡ ಸಾವಿರಾರು ಸಂಸಾರಗಳು ಅದನ್ನು ಸರಿಪಡಿಸುವ ವೆಚ್ಚದಲ್ಲಿ ಮುಳುಗಿದುವು. ೧೯೯೮ರಲ್ಲಿ ಆ ಪ್ರಾಂತದ ಮಾಜಿ ಪ್ರಧಾನಿ ಡೇವ್ ಬ್ಯಾರೆಟ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವೇ ಕುಳಿತಿತು. ಕಡೆಗೆ ಅವರು ಕಂಡುಕೊಂಡ ಪರಿಹಾರವಾವುದೆಂದರೆ, ಹೊದಿಕೆಯನ್ನು ಗೋಡೆಗೆ ಅಂಟಿಸದೆ ನಡುವೆ ಬೆರಳಗಲದ ಗಾಳಿಯ ಸಂದನ್ನು ಬಿಡುವುದು. ಒಳನುಗ್ಗಿದ ನೀರು ಆ ಸಂದಿನಲ್ಲಿ ಇಳಿದು ಹೋಗುವುದು, ಉಳಿದುದು ಗಾಳಿಗೆ ಆರುವುದು. ಮಲೆನಾಡಿನ ಸೋಗೆಯ ತಟ್ಟಿಯ ತತ್ತ್ವವೂ ಇದೇ ಅಲ್ಲವೆ?

ಇಲ್ಲಿಯವರೆಗೆ ಹೇಳಿದುದು ವಸ್ತುವಿನ ವಿಚಾರ. ಇನ್ನು ನ್ಯಾಯದ ವಿಚಾರಕ್ಕೆ ಬರೋಣ. ಪೂರ್ವಪಕ್ಷಿಯು ಹೀಗೆ ಹೇಳಬಹುದು: "ಹೊರಗೋಡೆಯು ಮನೆಯವನೊಬ್ಬನ ಸ್ವತ್ತಲ್ಲ. ಅವನು ಅದನ್ನು ನೋಡುವುದು ಮನೆಗೆ ಬರುವಾಗ ಒಂದು ಕ್ಷಣ. ನೆರೆಯವರೂ ದಾರಿಹೋಕರೂ ದಿನವೆಲ್ಲ ನೋಡುವರು. ಅದನ್ನು ಅಂದವಾಗಿಡುವುದು ಊರಿಗೆ ಸಲ್ಲಿಸುವ ಗೌರವ. ಬೀದಿಗಾಗಿ ಗೋಡೆಯನ್ನು ಸಿಂಗರಿಸಿದರೆ ಅದರಲ್ಲಿ ತಪ್ಪೇನು?" ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಬೀದಿಗೆ ಖಂಡಿತವಾಗಿಯೂ ಹಕ್ಕುಂಟು. ದಾರಿಹೋಕನು ದಣಿವಾರಿಸಿಕೊಳ್ಳಲೆಂದು ಜಗಲಿಯನ್ನು ಕಟ್ಟಿಸಿದ ಹಿರಿಯರು ಆ ಹಕ್ಕನ್ನು ಒಪ್ಪಿಕೊಂಡಿದ್ದರು. ಹೊರಗೋಡೆಯು ಬೀದಿಗೆ ಕೇಡನ್ನೂ ಮಾಡಬಲ್ಲುದು. ೨೦೧೩ರಲ್ಲಿ ಲಂಡನ್ ನಗರದ ಫೆನ್‌ಚರ್ಚ್ ಬೀದಿಯಲ್ಲಿ ಕಟ್ಟುತ್ತಿದ್ದ ಒಳಬಾಗಿದ ಗಾಜಿನ ಮೈಯ ಒಂದು ಎತ್ತರದ ಕಟ್ಟಡವು ಬೂದುಗಾಜಿನಂತೆ ಬಿಸಿಲನ್ನು ಒಂದೆಡೆ ಕೂಡಿಸಿ, ಕೆಳಗೆ ನಿಲ್ಲಿಸಿದ್ದ ಕಾರಿನ ಭಾಗಗಳನ್ನು ಕರಗಿಸಿತು. ನಮ್ಮ ಬೆಂಗಳೂರಿನಲ್ಲಿಯೂ ಗಾಜು ಹೊದ್ದ ಕಛೇರಿಗಳು ಸಾಲುಗಟ್ಟಿ ನಿಂತಿವೆ. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಒಳಗೆ ಹುಟ್ಟಿದ ಕಾವನ್ನು ಸುಲಭವಾಗಿ ಹಿಂದಿರುಗಿ ಬಿಡುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿ, ಕಿಟಕಿ ತೆರೆದರೆ ತಂಪುಗಾಳಿ ಬರುವ ಊರಿನಲ್ಲಿ ಆ ಕಾವನ್ನು ಯಂತ್ರದಿಂದ ಹೀರಿ ಬೀದಿಗೆ ಚೆಲ್ಲಬೇಕಾಗಿದೆ. ಒಳಗಿನವರ ತಂಪಿನ ಬೆಲೆಯನ್ನು ಹೊರಗೆ ಹಣ್ಣಿನ ಗಾಡಿ ನೂಕುವವನು ಬೆವರಿನಲ್ಲಿ ತೆರುವನು. ಆದುದರಿಂದ ಹೊರಗೋಡೆಗೆ ಬೀದಿಯ ಋಣವುಂಟೆಂಬುದನ್ನು ನಾವೂ ಒಪ್ಪುವೆವು.

ಆದರೆ ಪೂರ್ವಪಕ್ಷಿಯು ಒಂದು ಸಂಗತಿಯನ್ನು ಬಿಟ್ಟಿರುವನು. ಬೀದಿಯ ಋಣವನ್ನು ತೀರಿಸುವ ಹಣ ಯಾರ ಪಾಲಿನದು? ನಮ್ಮ ಪಟ್ಟಣಗಳ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಬಂದರೆ ಇದರ ಉತ್ತರ ಕಣ್ಣಿಗೆ ಬೀಳುತ್ತದೆ. ಬೀದಿಯ ಕಡೆಯ ಗೋಡೆಗೆ ಹೊಳಪಿನ ಕಲ್ಲು, ಕಂಬ, ಬಣ್ಣ; ಕಟ್ಟುವವರು ಅದನ್ನು 'ಎಲಿವೇಷನ್' ಎಂದು ಕರೆಯುವರು. ಅದೇ ಮನೆಯ ಪಕ್ಕಕ್ಕೂ ಹಿಂದಕ್ಕೂ ಹೋಗಿ ನೋಡಿದರೆ ಗಿಲಾವಿಲ್ಲದ ಬರಿಯ ಇಟ್ಟಿಗೆ, ಮಳೆಗೆ ಹಸುರು ಪಾಚಿ. ಆ ಹಿಂಬದಿಯ ಗೋಡೆಯು ಪಡುವಣಕ್ಕಿದ್ದರೆ ಮಳೆಯೂ ಇಳಿಹೊತ್ತಿನ ಬಿಸಿಲೂ ಅದಕ್ಕೇ ಹೆಚ್ಚು. ಅದರ ಆಚೆಗೆ ಇರುವುದು ಯಾವ ಕೋಣೆ? ಅನೇಕ ಮನೆಗಳಲ್ಲಿ ಅಡುಗೆಯ ಮನೆ, ಇಲ್ಲವೇ ಮುದುಕಿಯಾದ ತಾಯಿ ಮಲಗುವ ಕಿರುಕೋಣೆ. ಬಂದವರು ಕುಳಿತುಕೊಳ್ಳುವ ಪಡಸಾಲೆಯು ಸಿಂಗರಿಸಿದ ಗೋಡೆಯ ಹಿಂದೆ ಒಣಗಿ ಬೆಚ್ಚಗಿರುವುದು. ದಿನದ ಹತ್ತು ಗಂಟೆ ದುಡಿಯುವವಳೂ ಹಾಸಿಗೆ ಹಿಡಿದವಳೂ ತೇವದ ಗೋಡೆಗೆ ಬೆನ್ನು ಕೊಟ್ಟಿರುವರು. ಮನೆಯೊಳಗಿನ ನ್ಯಾಯಾನ್ಯಾಯಗಳ ಲೆಕ್ಕವನ್ನು ಹೊರಗೋಡೆಯ ನಾಲ್ಕು ಮುಖಗಳ ಮೇಲೆ ಹೀಗೆ ಬರೆದಿಟ್ಟಿರುತ್ತದೆ. ಓದುವ ಕಣ್ಣು ಬೇಕು.

ಇದಕ್ಕೆ ಪೂರ್ವಪಕ್ಷಿಯ ಕಡೆಯಿಂದ ಇನ್ನೊಂದು ಸಮಾಧಾನವುಂಟು; ಅದು ಮೊದಲಿನದಕ್ಕಿಂತ ಬಲವಾದುದು. "ಲೋಕವು ಮುಂಗೋಡೆಯನ್ನು ನೋಡಿಯೇ ಮನೆತನವನ್ನು ಅಳೆಯುತ್ತದೆ. ಮಗಳ ಸಂಬಂಧಕ್ಕೆ ಬರುವವರು, ಸಾಲ ಕೊಡುವವರು, ಊರಿನ ಹತ್ತು ಜನ, ಯಾರೂ ಹಿತ್ತಲನ್ನು ನೋಡುವುದಿಲ್ಲ. ಮುಂಗೋಡೆಯಿಂದ ಬರುವ ಮರ್ಯಾದೆಯು ಒಳಗಿನವರಿಗೆಲ್ಲ ಒಂದು ಹೊದಿಕೆಯೇ. ಇರುವ ಹಣ ಒಂದೇ ಗೋಡೆಗೆ ಸಾಲುವುದಾದರೆ ಬಡ ಗೃಹಸ್ಥನು ಏನು ಮಾಡಬೇಕು?" ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳುವವನು ಸಂಸಾರವನ್ನು ಬಲ್ಲವನಲ್ಲ. ಮರ್ಯಾದೆಯೂ ಒಂದು ಕವಚವೇ. ಆದರೆ ಅದು ಮಳೆಯನ್ನು ತಡೆಯಲಾರದು. ಅಲ್ಲದೆ ಮರ್ಯಾದೆಯ ಲಾಭವು ಎಲ್ಲರಿಗೂ ಹಂಚಿಹೋಗುವುದು, ತೇವದ ನಷ್ಟವು ಒಬ್ಬರ ಮೈಮೇಲೆಯೇ ಬೀಳುವುದು. ಆ ಒಬ್ಬರನ್ನು ಯಾರೂ ಕೇಳಿರುವುದಿಲ್ಲ. ಕೇಳಿದ್ದರೆ ಆಕೆ ಒಪ್ಪುತ್ತಿದ್ದಳೇನೋ. ನಮ್ಮ ತಾಯಂದಿರು ಇಂತಹವನ್ನು ಒಪ್ಪದೆ ಬಿಟ್ಟುದು ಕಡಮೆ. ಆದರೆ ಕೇಳದೆ ಮಾಡಿಸಿದ ತ್ಯಾಗವು ತ್ಯಾಗವಾಗದು, ಅದು ಕಸಿದುಕೊಂಡಂತೆಯೇ. ಆದಕಾರಣ ಹಣವು ಒಂದೇ ಗೋಡೆಗೆ ಸಾಲುವಲ್ಲಿ ಮಳೆಯ ಗೋಡೆಗೇ ಮೊದಲ ಹಕ್ಕು. ಮುಂಗೋಡೆಗೆ ಒಂದು ಕೈ ಸುಣ್ಣ ಸಾಕು. ಸುಣ್ಣ ಬಳಿದ ಗೋಡೆಯನ್ನು ನೋಡಿ ಸಂಬಂಧ ಬೇಡವೆಂದವರ ಮನೆಗೆ ಮಗಳನ್ನು ಕೊಡದಿರುವುದೇ ಕ್ಷೇಮ.

ಈ ವಿಷಯದಲ್ಲಿ ವರಾಹಮಿಹಿರನ ಬೃಹತ್ಸಂಹಿತೆಯನ್ನು ನೆನೆಯಬೇಕು. ಆರನೆಯ ಶತಮಾನದ ಆ ಗ್ರಂಥದಲ್ಲಿ ವಜ್ರಲೇಪವೆಂಬ ಲೇಪನದ ಪ್ರಕರಣವೊಂದಿದೆ. ಎಳೆಯ ಬೇಲದ ಕಾಯಿ, ಬೂರುಗದ ಹೂವು ಮೊದಲಾದುವನ್ನು ನೀರಿನಲ್ಲಿ ಎಂಟರಲ್ಲೊಂದು ಪಾಲು ಉಳಿಯುವಂತೆ ಕುದಿಸಿ, ಗುಗ್ಗುಳ, ಅಗಸೆ, ಬಿಲ್ವ ಮುಂತಾದುವನ್ನು ಅರೆದು ಬೆರಸಿ, ಬಿಸಿಯಾಗಿರುವಾಗಲೇ ಹಚ್ಚಬೇಕೆಂದು ಅಲ್ಲಿ ವಿಧಿಸಿದೆ. ಒಂದು ಕೋಟಿ ವರ್ಷ ಬಾಳುವುದೆಂದು ಹೇಳಿರುವುದನ್ನು ಅತ್ಯುಕ್ತಿಯೆಂದು ನಕ್ಕುಬಿಡಬಹುದು. ನನ್ನ ಗಮನವನ್ನು ಸೆಳೆದುದು ಅದಲ್ಲ. ಈ ಲೇಪವನ್ನು ಎಲ್ಲೆಲ್ಲಿ ಹಚ್ಚಬೇಕೆಂಬ ಪಟ್ಟಿಯಲ್ಲಿ ದೇವಾಲಯ, ಮಾಳಿಗೆ, ಲಿಂಗ, ಪ್ರತಿಮೆಗಳ ಜೊತೆಯಲ್ಲಿಯೇ ಗೋಡೆಯನ್ನೂ ಬಾವಿಯನ್ನೂ ಹೇಳಿದೆ. ಎಲ್ಲರೂ ಕೈಮುಗಿದು ನೋಡುವ ಪ್ರತಿಮೆಗೂ ಯಾರೂ ಇಣಿಕಿ ನೋಡದ ಬಾವಿಯ ಒಳಮೈಗೂ ಒಂದೇ ಲೇಪ. ಕಾಣುವುದಕ್ಕೆ ಉತ್ತಮ, ಕಾಣದುದಕ್ಕೆ ಅಧಮ ಎಂಬ ಭೇದವು ಆ ಪಟ್ಟಿಯಲ್ಲಿಲ್ಲ.

ಹೊದಿಕೆಯು ಒಳಗಿನವರಿಗೆ ಬೆನ್ನು ತಿರುಗಿಸಿದರೆ ಏನಾಗುವುದೆಂಬುದಕ್ಕೆ ನಮ್ಮ ಪುರಾತನ ಸಾಕ್ಷಿ ಭಾರತದ ಅರಗಿನ ಮನೆ. ವಾರಣಾವತದಲ್ಲಿ ಪುರೋಚನನು ಸೆಣಬು, ಸರ್ಜರಸ, ತುಪ್ಪ, ಎಣ್ಣೆ, ಅರಗುಗಳನ್ನು ಮಣ್ಣಿನೊಡನೆ ಬೆರಸಿ ಗೋಡೆಗಳಿಗೆ ಬಳಿಯಿಸಿದನು. ನೋಡುವವರಿಗೆ ಅನುಮಾನ ಬಾರದಂತೆ ಅಂದಗೊಳಿಸಿದನು. ಅಮಂಗಳವಾದ ಆ ಮನೆಗೆ ಮಂಗಳದ ಹೆಸರನ್ನೇ ಇಟ್ಟನು. ಧರ್ಮರಾಜನು ಒಳಹೊಕ್ಕಾಗ ಕಣ್ಣಿಗೆ ಮರುಳಾಗದೆ ಮೂಗಿನಿಂದ ಅರಗು ತುಪ್ಪಗಳ ವಾಸನೆಯನ್ನು ಹಿಡಿದನು. ವಿದುರನ ಎಚ್ಚರಿಕೆಯಿಂದಲೂ ಅವನು ಕಳುಹಿಸಿದ ಸುರಂಗ ತೋಡುವವನ ಸಹಾಯದಿಂದಲೂ ಪಾಂಡವರು ಪಾರಾದರು. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ಇಲ್ಲಿಗೆ ನಿಲ್ಲಿಸಿಬಿಡುವೆವು. ಆದರೆ ಆ ರಾತ್ರಿ ಊಟದ ಆಸೆಯಿಂದ ಬಂದು ಆ ಮನೆಯಲ್ಲಿ ಮಲಗಿದ್ದ ಒಬ್ಬ ಬೇಡತಿಯೂ ಆಕೆಯ ಐವರು ಮಕ್ಕಳೂ ಬೆಂದು ಬೂದಿಯಾದರು. ಗೋಡೆಯ ಗುಟ್ಟನ್ನು ಬಲ್ಲವರಿಗೆ ಸುರಂಗವಿತ್ತು. ಅರಿಯದವರಿಗೆ ಗೋಡೆಯೊಂದೇ ಇತ್ತು.

ಅದು ಹಗೆತನದ ಕಥೆ. ಇಂದಿನ ಕಾಲದಲ್ಲಿ ಹಾಗಾಗಲಾರದು ಎನ್ನುವಂತಿಲ್ಲ. ಲಂಡನ್ನಿನ ಉತ್ತರ ಕೆನ್ಸಿಂಗ್ಟನ್ ಭಾಗದಲ್ಲಿ ೧೯೭೪ರಲ್ಲಿ ಕಟ್ಟಿ ಮುಗಿಸಿದ ಗ್ರೆನ್‌ಫೆಲ್ ಟವರ್ ಎಂಬ ೨೪ ಅಂತಸ್ತಿನ ವಸತಿಗೃಹವಿತ್ತು. ಅದು ಪುರಸಭೆಯ ಒಡೆತನದ್ದು. ಒಳಗಿದ್ದವರಲ್ಲಿ ಬಹುಮಂದಿ ಸಾಮಾನ್ಯ ವರಮಾನದವರು. ಕಾಂಕ್ರೀಟಿನ ಕಟ್ಟಡವಾದುದರಿಂದ ಒಂದು ಮನೆಗೆ ಬೆಂಕಿ ಬಿದ್ದರೆ ಅದು ಅಲ್ಲಿಯೇ ನಿಲ್ಲುವುದೆಂದೂ, ಉಳಿದವರು ತಮ್ಮ ತಮ್ಮ ಮನೆಗಳಲ್ಲಿಯೇ ಇರತಕ್ಕದ್ದೆಂದೂ ನಿಯಮವಿತ್ತು. ೨೦೧೬ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಆ ಕಟ್ಟಡಕ್ಕೆ ಹೊಸ ಹೊದಿಕೆಯನ್ನು ತೊಡಿಸಿದರು. ಒಳಗಣ ಶಾಖವನ್ನು ಉಳಿಸುವುದು ಒಂದು ಉದ್ದೇಶ. ಸುತ್ತಣ ಬೀದಿಗಳಿಂದ ನೋಡುವವರಿಗೆ ಅದರ ರೂಪವನ್ನು ಸುಧಾರಿಸುವುದು ಇನ್ನೊಂದು. ಮೊದಲು ಸತುವಿನ ತಗಡುಗಳನ್ನು ಯೋಚಿಸಿದ್ದರು. ಹಣ ಉಳಿಸಲೆಂದು ಅವನ್ನು ಬಿಟ್ಟು, ಎರಡು ತೆಳುವಾದ ಅಲ್ಯುಮಿನಿಯಂ ಹಾಳೆಗಳ ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕನ್ನು ತುಂಬಿದ ಹಲಗೆಗಳನ್ನು ಆರಿಸಿದರು. ಹೊರಗೆ ಲೋಹದ ಹೊಳಪು, ನಡುವೆ ಎಣ್ಣೆಯಂತೆ ಉರಿಯುವ ವಸ್ತು. ೨೦೧೭ನೆಯ ಜೂನ್ ೧೪ರಂದು ನಡುರಾತ್ರಿಯ ಬಳಿಕ ನಾಲ್ಕನೆಯ ಅಂತಸ್ತಿನ ಅಡುಗೆಮನೆಯೊಂದರ ಶೀತಪೆಟ್ಟಿಗೆಯಲ್ಲಿ ಬೆಂಕಿ ಹುಟ್ಟಿತು. ಒಳಗೋಡೆಗಳು ತಮ್ಮ ಕೆಲಸವನ್ನು ಮಾಡಬಹುದಾಗಿತ್ತು. ಆದರೆ ಬೆಂಕಿಯು ಕಿಟಕಿಯಿಂದ ಹೊರಬಂದು ಹೊದಿಕೆಯನ್ನು ಹಿಡಿದು ಸುಮಾರು ಅರ್ಧ ಗಂಟೆಯಲ್ಲಿ ಕಟ್ಟಡದ ನೆತ್ತಿಯನ್ನು ಮುಟ್ಟಿತು. ಅಲ್ಲಿಂದ ಹೊರಗಿನಿಂದಲೇ ಒಂದೊಂದು ಮನೆಯೊಳಕ್ಕೂ ನುಗ್ಗಿತು. ಮನೆಯಲ್ಲಿಯೇ ಇರಿ ಎಂಬ ಆದೇಶವನ್ನು ಹಿಂತೆಗೆದುಕೊಂಡುದು ಸುಮಾರು ಎರಡು ಗಂಟೆಗಳ ಮೇಲೆ. ೭೨ ಮಂದಿ ಸತ್ತರು. ಅವರಲ್ಲಿ ೧೮ ಮಂದಿ ಮಕ್ಕಳು.

ಅಲ್ಲಿಯ ನಿವಾಸಿಗಳಲ್ಲಿ ಕೆಲವರು ಅಪಾಯವಿರುವುದೆಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದರು, ಕೇಳಬೇಕಾದವರು ಕೇಳಲಿಲ್ಲ. ಸರ್ ಮಾರ್ಟಿನ್ ಮೂರ್-ಬಿಕ್ ಅವರ ವಿಚಾರಣಾ ಸಮಿತಿಯು ೨೦೨೪ರ ಸೆಪ್ಟೆಂಬರಿನಲ್ಲಿ ಕೊಟ್ಟ ಅಂತಿಮ ವರದಿಯು ಈ ಮರಣಗಳೆಲ್ಲ ತಪ್ಪಿಸಬಹುದಾಗಿದ್ದವೆಂದೂ, ಹೊದಿಕೆಯ ವಸ್ತುಗಳನ್ನು ಮಾಡಿ ಮಾರಿದವರು ಪರೀಕ್ಷೆಗಳ ವಿಷಯದಲ್ಲಿ ಮೋಸ ನಡೆಸಿದರೆಂದೂ ಹೇಳಿತು. ಇಲ್ಲಿ ಪುರೋಚನನಂತೆ ಕೊಲ್ಲಬೇಕೆಂಬ ಸಂಕಲ್ಪವು ಯಾರಿಗೂ ಇರಲಿಲ್ಲ. ಒಬ್ಬರು ಅಂದವನ್ನು ನೋಡಿದರು, ಇನ್ನೊಬ್ಬರು ಬೆಲೆಯನ್ನು ನೋಡಿದರು, ಮತ್ತೊಬ್ಬರು ಕಾಗದದ ಮೇಲಣ ಮುದ್ರೆಯನ್ನು ನೋಡಿದರು. ಗೋಡೆಯ ಹಿಂದೆ ಮಲಗಿದ್ದವರನ್ನು ನೋಡುವುದು ಯಾರ ಪಾಲಿಗೂ ಬರಲಿಲ್ಲ. ಹಗೆತನವು ಮಾಡುವ ಕೆಲಸವನ್ನು ಅಲಕ್ಷ್ಯವೂ ಮಾಡಬಲ್ಲುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವ್ಯಾಂಕೂವರಿನಲ್ಲಿ ಮನೆಗಳನ್ನು ಉಳಿಸಿದ ಗಾಳಿಯ ಸಂದು ಗ್ರೆನ್‌ಫೆಲ್ ಕಟ್ಟಡದಲ್ಲಿಯೂ ಇತ್ತು. ತೇವ ಆರಲೆಂದು ಬಿಟ್ಟ ಆ ಸಂದೇ ಉರಿಗೆ ಹೊಗೆಗೂಡಿನಂತಾಯಿತು. ಬೆಂಕಿಯನ್ನು ತಡೆಯಲೆಂದು ಅದರಲ್ಲಿ ಅಲ್ಲಲ್ಲಿ ಇಡತಕ್ಕ ಅಡ್ಡತಡೆಗಳನ್ನು ಸರಿಯಾಗಿ ಕೂರಿಸಿರಲಿಲ್ಲ. ಹಾಗಾದರೆ ಸಂದು ಒಳ್ಳೆಯದೋ ಕೆಟ್ಟದ್ದೋ? ಈ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಪ್ರಶ್ನೆಯೇ ಸರಿಯಲ್ಲ. ಸೋಗೆಯಾಗಲಿ ಸಿಮೆಂಟಾಗಲಿ ಸಂದಾಗಲಿ ತಾನೇ ತಾನಾಗಿ ಗುಣವೂ ಅಲ್ಲ, ದೋಷವೂ ಅಲ್ಲ. ಹೊದಿಕೆಯ ಧರ್ಮವು ಒಳಗಿನವರೊಡನೆ ಅದಕ್ಕಿರುವ ಸಂಬಂಧದಲ್ಲಿದೆ. ಅಗ್ನಿಶಾಸ್ತ್ರ ಬಲ್ಲವನು ಒಂದು ನಿಯಮವನ್ನು ಹೇಳಬಹುದು, ತೇವದ ಶಾಸ್ತ್ರ ಬಲ್ಲವನು ಇನ್ನೊಂದನ್ನು ಹೇಳಬಹುದು. ಇಂಗ್ಲೆಂಡಿನಲ್ಲಿ ೨೦೧೮ರ ಕೊನೆಯಲ್ಲಿ ೧೮ ಮೀಟರಿಗಿಂತ ಎತ್ತರದ ಹೊಸ ವಸತಿಕಟ್ಟಡಗಳ ಹೊರಗೋಡೆಗಳಲ್ಲಿ ಉರಿಯುವ ವಸ್ತುಗಳನ್ನು ನಿಷೇಧಿಸಿದಂತೆ ಸರಕಾರವೂ ನಿಯಮ ಮಾಡಬಹುದು. ಈ ನಿಯಮಗಳೆಲ್ಲ ಅವಶ್ಯಕವೇ. ಆದರೆ ನಿಯಮವನ್ನು ನಡೆಸುವ ಕೈಗೆ ಒಳಗಿನವರ ನೆನಪು ಇಲ್ಲದಿದ್ದಲ್ಲಿ ಪ್ರತಿಯೊಂದು ನಿಯಮಕ್ಕೂ ಒಂದು ಕಳ್ಳದಾರಿ ಸಿಕ್ಕುತ್ತದೆ.

ಈಗ ಮೊದಲು ಬಿಟ್ಟ ಎತ್ತರದ ವಿಚಾರವನ್ನು ಸ್ವಲ್ಪ ಮುಟ್ಟಬಹುದು. ತೈತ್ತಿರೀಯೋಪನಿಷತ್ತು ಮನುಷ್ಯನಿಗೆ ಅನ್ನಮಯದಿಂದ ಮೊದಲ್ಗೊಂಡು ಆನಂದಮಯದವರೆಗೆ ಒಂದರೊಳಗೊಂದು ಹೊದಿಕೆಗಳನ್ನು ಹೇಳುತ್ತದೆ. ಹೊರಗಿನದನ್ನು ಬಿಡಿಸಿ ಎಸೆಯುತ್ತ ಹೋದರೆ ಒಳಗಿನದು ಸಿಕ್ಕುವುದೆಂದು ಅನೇಕರು ಅದರ ತಾತ್ಪರ್ಯವನ್ನು ತಿಳಿದಿರುವರು. ಆದರೆ ಅಲ್ಲಿ ಹೇಳಿರುವುದು, ಹೊರಗಿನದು ಒಳಗಿನದರಿಂದ ತುಂಬಿರುವುದೆಂದು, ಒಂದರ ಆಕಾರವನ್ನು ಇನ್ನೊಂದು ಅನುಸರಿಸಿರುವುದೆಂದು. ಅನ್ನವನ್ನು ನಿಂದಿಸಬಾರದೆಂಬ ವ್ರತವೂ ಅದೇ ಉಪನಿಷತ್ತಿನಲ್ಲಿದೆ. ಅಂದಮೇಲೆ ಹೊರಗು ಒಳಗಿನ ವಿರೋಧಿಯಲ್ಲ, ಒಳಗಿನ ಕಡೆಯ ಅಂಚು. ಒಳಗಿನಿಂದ ತುಂಬಿರುವ ಹೊರಗು ಸತ್ಯ. ಒಳಗಿನಿಂದ ಬೇರ್ಪಟ್ಟು ಪರರ ಕಣ್ಣಿನಿಂದ ಮಾತ್ರ ತುಂಬಿದ ಹೊರಗು ಸುಳ್ಳು. ಹೊರಗನ್ನು ಸಿಪ್ಪೆಯೆಂದು ಜರೆಯುವ ವೈರಾಗಿಯೂ ಹೊರಗೇ ಸರ್ವಸ್ವವೆಂದು ಕುಣಿಯುವ ಆಡಂಬರಗಾರನೂ ಒಂದೇ ತಪ್ಪನ್ನು ಮಾಡುವರು. ಇಬ್ಬರೂ ಹೊರಗನ್ನೂ ಒಳಗನ್ನೂ ಎರಡು ಬೇರೆ ವಸ್ತುಗಳೆಂದು ತಿಳಿದಿರುವರು.

ಈ ವಿಚಾರದಿಂದ ಮನೆಗೆ ಹೊದಿಕೆ ಹೊದಿಸತಕ್ಕ ಗೃಹಸ್ಥನಿಗೆ ಒದಗುವ ಪ್ರಯೋಜನವು ಇಷ್ಟು. ಬಣ್ಣದ ಮಾದರಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಅವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಮಳೆ ಬಿಸಿಲುಗಳು ಹೆಚ್ಚಾಗಿ ಬೀಳುವ ಗೋಡೆ ಯಾವುದು, ಅದರ ಹಿಂದೆ ಮಲಗುವವರು ಯಾರು? ಹೊದಿಸಿದ ಮೇಲೆ ಗೋಡೆಯೊಳಗಿನ ತೇವಕ್ಕೆ ಹೊರಹೋಗುವ ದಾರಿಯುಂಟೇ? ಬೆಂಕಿ ಬಿದ್ದ ರಾತ್ರಿ ಈ ಹೊದಿಕೆಯು ಮನೆಯವರ ಪಕ್ಷದಲ್ಲಿ ನಿಲ್ಲುವುದೋ ಬೆಂಕಿಯ ಪಕ್ಷಕ್ಕೆ ಸೇರುವುದೋ? ಈ ಮೂರಕ್ಕೂ ಸಮಾಧಾನವಾದ ಮೇಲೆ ಬೀದಿಯವರ ಕಣ್ಣಿಗಾಗಿ ಎಷ್ಟು ಸಿಂಗರಿಸಿದರೂ ಆಕ್ಷೇಪಣೆಯಿಲ್ಲ. ಪ್ರಶ್ನೆಗಳನ್ನು ತನ್ನಷ್ಟಕ್ಕೆ ಕೇಳಿಕೊಂಡು ಸುಮ್ಮನಾಗದೆ ಹಿಂದಿನ ಕೋಣೆಯಲ್ಲಿರುವವರನ್ನೇ ಕರೆದು ಕೇಳಿದರೆ ಇನ್ನೂ ಒಳ್ಳೆ​ಯದು. ಗೋಡೆಯು ಯಾವ ತಿಂಗಳಲ್ಲಿ ಎಲ್ಲಿ ಬೆವರುವುದೆಂಬುದು ಅವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರುವುದಿಲ್ಲ.

ಮನೆಯ ವಿಷಯವಾಗಿ ಹೇಳಿದ ಈ ಮಾತನ್ನು ಮಠ ಮಂದಿರ, ಶಾಲೆ ಸಭೆಗಳಿಗೂ ಅನ್ವಯಿಸಿ ನೋಡಬಹುದು. ಮುಂಬಾಗಿಲಿಗೆ ಕಮಾನು ಕಟ್ಟಿಸಿ ಮಕ್ಕಳು ಕೂರುವ ಕೋಣೆಯ ಸೋರುವ ಗೋಡೆಯನ್ನು ಹಾಗೆಯೇ ಬಿಟ್ಟ ಶಾಲೆಗಳು ನಮ್ಮಲ್ಲಿ ಇಲ್ಲದಿಲ್ಲ. ಆ ಅನ್ವಯವನ್ನು ವಾಚಕರೇ ಮಾಡಿಕೊಳ್ಳಬಲ್ಲರಾದುದರಿಂದ ನಾನು ವಿಸ್ತರಿಸುವುದಿಲ್ಲ. ಬರುವ ಮಳೆಗಾಲಕ್ಕೆ ಮುಂಚೆ ಅವರು ತಮ್ಮ ಮನೆಯ ಹಿಂಬದಿಗೆ ಒಮ್ಮೆ ಹೋಗಿ ಪಡುವಣ ಗೋಡೆಯನ್ನು ಕೈಯಿಂದ ಮುಟ್ಟಿ ನೋಡುವುದಾದರೆ ಈ ಬರೆಹವು ಸಾರ್ಥಕವಾಯಿತೆಂದು ಭಾವಿಸಿ ಇಲ್ಲಿಗೆ ವಿರಮಿಸುವೆನು.